ನಲವತ್ತೆರಡನೆಯ ಹಾಳೆ

ಜೂನ್ ೧೪

ಪ್ರೀತಿಯ ಮೇಷ್ಟ್ರಿಗೆ,

ನಿಮ್ಮ ಚಿಟಪಟಳ ನಮಸ್ಕಾರಗಳು. ಈ ಚುಕ್ಕೆಗಳು ನಿಮ್ಮ ಬೆರಳಿಗೆ ಸಿಗುವ ಹೊತ್ತಿಗೆ ನಾನು ಟೀಚರಾಗಿ ಮೂರು ವಾರವಾಗಿರುತ್ತದೆ. ಪಕ್ಕದ ಮನೆಯವರಿಂದ ಓದಿಸಿಕೊಳ್ಳಬೇಕಾದ ಕಾಗದ ಬರೆಯಬೇಡ ಎಂದು ಹೊರಡುವ ದಿನ ಹೇಳಿದ್ದಿರಲ್ಲ, ಅದಕ್ಕೆ ಬ್ರೈಲಿನಲ್ಲೇ ಒತ್ತುತ್ತಿದ್ದೇನೆ. ಎರಡು ಕಣ್ಣಿದ್ದೂ ಕೈ ಇಷ್ಟು ನಿಧಾನವೇ ಎಂದು ನಗಬೇಡಿ.

ಕಣ್ಣು ಕಾಣದ ಮಕ್ಕಳ ಈ ವಸತಿ ಶಾಲೆ ಒಂದೇ ಉದ್ದನೆಯ ಕಟ್ಟಡ. ಮೊಗಸಾಲೆಯ ಉದ್ದಕ್ಕೂ ಸೊಂಟದೆತ್ತರಕ್ಕೆ ಹಗ್ಗ ಕಟ್ಟಿದ್ದಾರೆ. ಮಕ್ಕಳು ಅದನ್ನು ಬೆರಳ ತುದಿಯಲ್ಲಿ ಸವರುತ್ತಾ ಓಡುತ್ತಾರೆ. ಹಗ್ಗ ಹಿಡಿದು ಮೆಲ್ಲಗೆ ನಡೆಯುವವಳು ನಾನೊಬ್ಬಳೇ. ನನ್ನ ತರಗತಿಯಲ್ಲಿ ಹನ್ನೊಂದು ಮಂದಿ. ಮೊದಲ ದಿನ ಬಾಗಿಲೊಳಗೆ ಕಾಲಿಟ್ಟೆನೋ ಇಲ್ಲವೋ, "ಹೊಸ ಟೀಚರ್, ನಿಮ್ಮ ಎಡಗಡೆ ಚಪ್ಪಲಿ ಕಿತ್ತೋಗಿದೆ, ಹೊಲಿಸ್ಕೊಳ್ಳಿ" ಎಂದು ಒಂಬತ್ತು ವರ್ಷದವಳೊಬ್ಬಳು ಸ್ವಾಗತ ಮಾಡಿದಳು. ಅವಳಿಗೆ ಪ್ರಶ್ನೆಪುಟ್ಟಿ ಎಂದು ಹೆಸರಿಟ್ಟಿದ್ದೇನೆ. ನೀವು ನನಗೆ ಹೆಸರಿಟ್ಟ ಸೇಡು ಯಾರ ಮೇಲಾದರೂ ತೀರಬೇಕಲ್ಲ.

ಬ್ರೈಲ್ ಮುದ್ರಣಾಲಯದಲ್ಲಿ ನೀವು, ತಗಡಕ್ಕ, ನಾನು ಮೂವರು ಸೇರಿ ಮಾಡಿದ ಯೇಸುವಿನ ಕಥೆಗಳ ಪುಸ್ತಕ ಇಲ್ಲಿಗೂ ಬಂದಿದೆ. ತಗಡಕ್ಕ ಯಂತ್ರದ ಮುಂದೆ ಕುಳಿತು ತಗಡಿನ ಮೇಲೆ ಚುಕ್ಕೆ ಒತ್ತುವುದು, ಅದರಿಂದ ತೆಗೆದ ಮೊದಲ ಪ್ರತಿಯನ್ನು ನೀವು ಬೆರಳಿಂದ ಗಟ್ಟಿಯಾಗಿ ಓದುವುದು, ನಾನು ಮೂಲದ ಹಾಳೆ ನೋಡುತ್ತಾ "ಹೂಂ" ಅಂದು ಪಟ್ಟಿಯಲ್ಲಿ ಗುರುತು ಹಾಕುವುದು, ಎಲ್ಲವನ್ನೂ ಮಕ್ಕಳಿಗೆ ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ. ಮರುದಿನ ಪ್ರಶ್ನೆಪುಟ್ಟಿ ಪುಸ್ತಕ ಹೊತ್ತುಕೊಂಡು ಬಂದಳು.

"ಟೀಚರ್, ಶಿಷ್ಯ ಪೇತ್ರನ ಕಥೇಲಿ, ಯೇಸುನ ಹಿಡ್ಕೊಂಡು ಹೋದಾಗ ಅವನು ಆತನ್ನ ಗೊತ್ತೇ ಇಲ್ಲ ಅಂತ ಮೂರು ಸಲ ಸುಳ್ಳು ಹೇಳ್ದ. ಕೋಳಿ ಕೂಗ್ತು. ಆಚೆ ಹೋಗಿ ಅತ್ತ. ಸರಿನಾ? ಪುಟ ತಿರುಗಿಸಿದ್ರೆ ಊರ ಜನಾನೆಲ್ಲ ಸೇರಿಸ್ಕೊಂಡು ಜೋರಾಗಿ ಬೋಧನೆ ಮಾಡ್ತಾ ನಿಂತಿದ್ದಾನೆ! ಅತ್ತೋನು ಯಾವಾಗ ಎದ್ದ? ಕಣ್ಣು ಒರೆಸಿದ್ದು ಯಾರು? ಮೂಲೇಲಿ ನಲವತ್ತೊಂದು ಆದ್ಮೇಲೆ ನಲವತ್ತಮೂರಿದೆ. ನಲವತ್ತೆರಡು ಎಲ್ಲಿ?"

ನಾನೇ ಹೇಳಿಬಿಡಬಹುದಿತ್ತು. ಏಕೋ, ನಡುವೆ ಏನಾಗಿರಬಹುದು ಎಂದು ನೀವೇ ಬರೆಯಿರಿ ಅಂದೆ. ಹನ್ನೊಂದು ಮಂದಿಯೂ ಬರೆಯುತ್ತಿದ್ದಾರೆ. ದೊಡ್ಡ ಟೀಚರು ಈ ವಿಷಯವನ್ನು ಮುದ್ರಣಾಲಯದ ಮ್ಯಾನೇಜರಿಗೆ ಬರೆಯುತ್ತೇನೆಂದರು. ಬೇಡ, ಮೇಷ್ಟ್ರನ್ನು ನಾನು ಕೇಳುತ್ತೇನೆ ಎನ್ನುವಷ್ಟರಲ್ಲಿ ಅವರ ಕಾಗದ ಹೊರಟುಹೋಗಿತ್ತು. ಆ ತಗಡು ಅಲ್ಲೇ ಎಲ್ಲಾದರೂ ಇದೆಯೇ?

ನಿಮ್ಮ,
ಚಿಟಪಟ


ಜೂನ್ ೨೬

ಪ್ರೀತಿಯ ಚಿಟಪಟ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಒಂದು ಸಲ ವಿಷಯಕ್ಕೆ, ಒಂದು ಸಲ ಸಂತೋಷಕ್ಕೆ, ಇನ್ನೊಂದು ಸಲ ನಿನ್ನ ತಪ್ಪುಗಳನ್ನು ಎಣಿಸುವುದಕ್ಕೆ. ಒಟ್ಟು ಹದಿನಾಲ್ಕು. ನಿವೃತ್ತನಾದ ಮೇಲೂ ಬೆರಳು ತನ್ನ ಚಾಳಿ ಬಿಡುವುದಿಲ್ಲ.

ಆ ಹನ್ನೊಂದು ಮಕ್ಕಳನ್ನು ನಾನು ನೋಡದೆಯೇ ಪ್ರೀತಿಸತೊಡಗಿದ್ದೇನೆ. ನಾನು ಯಾರನ್ನು ತಾನೇ ನೋಡಿ ಪ್ರೀತಿಸಿದ್ದೇನೆ, ಹೇಳು. ಪ್ರಶ್ನೆ ಕೇಳುವ ಮಗುವಿನ ಬಾಯಿ ಮುಚ್ಚಿಸದೆ ಕೈಗೆ ಕಾಗದ ಕೊಟ್ಟೆಯಲ್ಲ, ಅಲ್ಲಿಯೇ ನೀನು ಟೀಚರಾದೆ. ನಿನ್ನ ನೇಮಕದ ಆದೇಶ ಬರೀ ಅಂಚೆಯಲ್ಲಿ ಬಂದದ್ದು.

ಇನ್ನು ಆ ಹಾಳೆಯ ವಿಚಾರ. ಮ್ಯಾನೇಜರು ಉಗ್ರಾಣ ತೆಗೆಸಿ ನೋಡಿದರು. ನಲವತ್ತೆರಡನೆಯ ತಗಡೂ ಇಲ್ಲ, ಮೂಲದ ಹಾಳೆಯೂ ಇಲ್ಲ. ಪಟ್ಟಿಯಲ್ಲಿ ಮಾತ್ರ ಅದರ ಮುಂದೆ ನಿನ್ನ ಗುರುತಿದೆ. ಓದಿ ಮುಗಿಸಿದ ತಗಡು ಕಾಣೆಯಾಗಿದ್ದರೆ ತಪ್ಪು ತಗಡಕ್ಕನದೇ ಎಂದು ಅವರು ತೀರ್ಮಾನಿಸಿದರು. ಹತ್ತೊಂಬತ್ತು ವರ್ಷ ಕೂತ ಯಂತ್ರದಿಂದ ಎಬ್ಬಿಸಿ ಅವಳನ್ನು ಪುಸ್ತಕ ಕಟ್ಟುವ ಕೋಣೆಗೆ ಹಾಕಿದ್ದಾರೆ. ಮೊನ್ನೆ ನಮ್ಮ ಮನೆಗೆ ಬಂದಿದ್ದಳು. "ಒಳ್ಳೇದೇ ಆಯ್ತು ಬಿಡಿ ಮೇಷ್ಟ್ರೇ, ಆ ಗಡಗಡ ಕೇಳಿ ಕೇಳಿ ಕಿವಿ ತೂತಾಗಿತ್ತು" ಎಂದು ನಕ್ಕಳು. ಆದರೆ ಮಾತಾಡುವಾಗ ಅವಳ ಬೆರಳುಗಳು ಮೇಜಿನ ಮೇಲೆ ಚುಕ್ಕೆ ಒತ್ತುತ್ತಲೇ ಇದ್ದವು.

ಮ್ಯಾನೇಜರು ನನ್ನನ್ನೂ ಕೇಳಿದರು. ಪಟ್ಟಿಯಲ್ಲಿ ನನ್ನ ಹುಡುಗಿಯ ಗುರುತಿದ್ದರೆ ನನ್ನ ಬೆರಳಿಟ್ಟ ಹಾಗೆಯೇ ಎಂದೆ. ನಿನಗೆ ನೆನಪಿದೆಯೇ? ಆ ಹಾಳೆಯನ್ನು ನಾವು ಓದಿದೆವೇ?

ಪ್ರೀತಿಯಿಂದ,
ಮೇಷ್ಟ್ರು


ಜುಲೈ ೩

ಮೇಷ್ಟ್ರಿಗೆ,

ನಿಮ್ಮ ಕಾಗದ ತಲುಪಿತು. ಇಲ್ಲಿ ಪರೀಕ್ಷೆಯ ಗಡಿಬಿಡಿ, ಹೆಚ್ಚು ಬರೆಯಲು ಬಿಡುವಿಲ್ಲ. ಆ ಹಾಳೆಯನ್ನು ಓದಿದೆವೆಂದೇ ನನ್ನ ನೆನಪು. ಗುರುತು ಹಾಕಿದ್ದೇನೆಂದರೆ ಓದಿಯೇ ಇರುತ್ತೇವೆ.

ತಗಡಕ್ಕನಿಗೆ ನಮಸ್ಕಾರ ತಿಳಿಸಿ. ಬೇಡ, ತಿಳಿಸಬೇಡಿ. ನಾನೇ ಬರೆಯುತ್ತೇನೆ.

ಚಿಟಪಟ


ಆಗಸ್ಟ್ ೩೦

ಪ್ರೀತಿಯ ಚಿಟಪಟ,

ಎರಡು ತಿಂಗಳಾಯಿತು, ನಿನ್ನಿಂದ ಒಂದು ಚುಕ್ಕೆಯೂ ಇಲ್ಲ. ನಿನ್ನ ಹೆಸರು ಬದಲಾಯಿಸಬೇಕಾದೀತು.

ನಿನ್ನ ಕಳೆದ ಕಾಗದದಲ್ಲಿ ತಪ್ಪೇ ಇರಲಿಲ್ಲ. ಅದೇ ನನಗೆ ಚಿಂತೆ. ನೀನು ಖುಷಿಯಲ್ಲಿದ್ದಾಗ ತಪ್ಪು ಮಾಡುವವಳು. ಏನಾಗಿದೆ ಎಂದು ಕೇಳುವುದಿಲ್ಲ. ಹೇಳಬೇಕೆನಿಸಿದಾಗ ಹೇಳು. ನನ್ನ ಮೇಜಿನ ಮೇಲೆ ನಿನ್ನ ಕಾಗದಕ್ಕೆ ಯಾವಾಗಲೂ ಜಾಗವಿರುತ್ತದೆ, ಅದರಲ್ಲಿ ಏನೇ ಬರೆದಿದ್ದರೂ.

ತಗಡಕ್ಕ ಇನ್ನೂ ಕಟ್ಟುವ ಕೋಣೆಯಲ್ಲೇ ಇದ್ದಾಳೆ. ಈಚೆಗೆ ನಮ್ಮ ಮನೆಗೆ ಬಂದಾಗ ನಗುವುದಿಲ್ಲ.

ಮೇಷ್ಟ್ರು


ಸೆಪ್ಟೆಂಬರ್ ೯

ಮೇಷ್ಟ್ರೇ,

ಆ ಹಾಳೆ ನನ್ನ ಪೆಟ್ಟಿಗೆಯಲ್ಲಿದೆ.

ಇದೊಂದು ಸಾಲು ಒತ್ತುವುದಕ್ಕೆ ಎರಡು ತಿಂಗಳು ಹಿಡಿಯಿತು. ಇನ್ನು ಉಳಿದದ್ದನ್ನು ಹೇಳಿಬಿಡುತ್ತೇನೆ.

ಪುಸ್ತಕದಲ್ಲೆಲ್ಲ ನನಗೆ ಇಷ್ಟವಾದದ್ದು ಆ ಹಾಳೆ. ಅದನ್ನು ಅಮ್ಮನಿಗೆ ಓದಿ ಹೇಳಬೇಕೆಂದು ಒಂದು ಸಂಜೆ ಮನೆಗೆ ಒಯ್ದೆ. ಮೂಲದ ಹಾಳೆ ಕೋಣೆ ದಾಟಬಾರದೆಂಬ ನಿಯಮ ಗೊತ್ತಿದ್ದೂ ಒಯ್ದೆ. ವಾಪಸು ತರಲು ಮರೆತೆ. ಹಾಳೆಗಳು ಸರದಿ ತಪ್ಪಿ ಬರುವುದು ವಾಡಿಕೆಯಾದ್ದರಿಂದ ನಲವತ್ತೆರಡು ಆಮೇಲೆ ಬರುತ್ತದೆಂದು ತಗಡಕ್ಕ ಮುಂದಿನದನ್ನು ಒತ್ತಿದಳು. ಅವಳಿಂದ ತಗಡು ಕಳೆದುಹೋಗಿಲ್ಲ. ಆ ತಗಡು ಹುಟ್ಟಲೇ ಇಲ್ಲ.

ಕೊನೆಯ ದಿನ, ನಿಮ್ಮ ಬೀಳ್ಕೊಡುಗೆಯ ದಿನ, ನೀವು ನಲವತ್ತೊಂದು ಮುಗಿಸಿ ನಲವತ್ತಮೂರನ್ನು ಓದತೊಡಗಿದಿರಿ. ನಿಲ್ಲಿಸಿ ಎನ್ನಬೇಕಿತ್ತು. ನಿಮ್ಮ ಕಡೆಯ ದಿನ ನಿಮ್ಮ ಮುಂದೆ ಪೆದ್ದಿಯಾಗಬಾರದೆಂದು "ಹೂಂ" ಅಂದೆ, ನಲವತ್ತೆರಡರ ಮುಂದೆಯೂ ಗುರುತು ಹಾಕಿದೆ. ಸಂಜೆ ತಗಡಕ್ಕನಿಗೆ ಹೇಳಿ ಸರಿಪಡಿಸಿದರಾಯಿತು ಅಂದುಕೊಂಡೆ. ಅದೇ ಸಂಜೆ ಈ ಶಾಲೆಯ ಆದೇಶ ಕೈಗೆ ಬಂತು, ಕುಣಿದಾಡಿದೆ, ಎಲ್ಲ ಮರೆತೆ. ಇಲ್ಲಿ ಬಂದು ಪೆಟ್ಟಿಗೆ ಬಿಚ್ಚಿದಾಗ ಬಟ್ಟೆಗಳ ನಡುವೆ ಆ ಹಾಳೆ ಸಿಕ್ಕಿತು. ನಿಮಗೆ ಮೊದಲ ಕಾಗದ ಬರೆದಾಗ ಅದು ನನ್ನ ಪಕ್ಕದಲ್ಲೇ ಇತ್ತು.

ಮರೆತದ್ದನ್ನು ಹೇಗೋ ಸಹಿಸಿಕೊಳ್ಳಬಹುದು. ಆದರೆ ತಗಡಕ್ಕನನ್ನು ಎಬ್ಬಿಸಿದರು ಎಂದು ತಿಳಿದ ಮೇಲೂ ಓದಿದ್ದೇವೆ ಎಂದು ಬರೆದೆನಲ್ಲ, ಅದಕ್ಕೆ ಏನು ಹೇಳಲಿ? ಪೇತ್ರ ಹೆದರಿ ಸುಳ್ಳು ಹೇಳಿದ. ನನ್ನನ್ನು ಯಾರೂ ಹೆದರಿಸಿರಲಿಲ್ಲ.

ಆ ಹಾಳೆ ನನಗೆ ಬಾಯಿಪಾಠ. ಆದರೂ ಮಕ್ಕಳಿಗೆ ಹೇಳಲು ನಾಲಿಗೆ ಏಳುವುದಿಲ್ಲ. ಕ್ಷಮೆಯ ಕಥೆ ಹೇಳಲು ನನಗೆ ಯಾವ ಮುಖವಿದೆ? ಕೆಲಸ ಬಿಡುತ್ತೇನೆಂದು ದೊಡ್ಡ ಟೀಚರಿಗೆ ಹೇಳಬೇಕೆಂದಿದ್ದೇನೆ. ಒಂದನ್ನು ಮಾತ್ರ ನಿಮ್ಮನ್ನು ಕೇಳಬೇಕು. ತಪ್ಪು ಬಿದ್ದ ಚುಕ್ಕೆಯನ್ನು ತಗಡಕ್ಕ ಸುತ್ತಿಗೆಯಿಂದ ತಟ್ಟಿ ಮಟ್ಟಮಾಡುತ್ತಿದ್ದಳು. ಬೇರೆ ಯಾರಿಗೂ ತಿಳಿಯದಿದ್ದರೂ ನಿಮ್ಮ ಬೆರಳಿಗೆ ಅದರ ಗುರುತು ತಿಳಿಯುತ್ತಿತ್ತು. "ಇಲ್ಲೊಂದು ತಪ್ಪಿತ್ತು ಅಲ್ಲವೇ?" ಎನ್ನುತ್ತಿದ್ದಿರಿ. ದೇವರು ಕ್ಷಮಿಸಿದ ಮೇಲೂ ಹಾಗೆಯೇ ಏನು? ಪ್ರತಿ ಸಲ ನನ್ನ ಮೇಲೆ ಕೈಯಾಡಿಸಿದಾಗ ಅಲ್ಲಿ ಬಂದು ಬೆರಳು ನಿಲ್ಲುತ್ತದೆಯೇ?

ಚಿಟಪಟ ಎಂದು ಕರೆಸಿಕೊಳ್ಳುತ್ತಿದ್ದವಳು


ಸೆಪ್ಟೆಂಬರ್ ೧೫

ನನ್ನ ಚಿಟಪಟ,

ಹೆಸರು ಇಟ್ಟವನು ನಾನು, ತೆಗೆಯುವವನೂ ನಾನೇ. ನಾನು ತೆಗೆದಿಲ್ಲ. ಆದ್ದರಿಂದ ಸಹಿಯನ್ನು ನೆಟ್ಟಗೆ ಮಾಡು.

ನೀನು ಧೈರ್ಯ ಮಾಡಿದ್ದರಿಂದ ಈಗ ನಾನೂ ಮಾಡುತ್ತೇನೆ. ಆ ದಿನ ನಲವತ್ತಮೂರು ಎಂಬ ಅಂಕಿ ನನ್ನ ಬೆರಳಿಗೂ ಸಿಕ್ಕಿತ್ತು. ಮೂವತ್ತೊಂದು ವರ್ಷ ಅಂಕಿ ತಪ್ಪದೆ ಓದಿದವನಿಗೆ ಸಿಗದೆ ಇರುತ್ತದೆಯೇ? ಆದರೆ ಹೊರಗೆ ಕುರ್ಚಿಗಳನ್ನು ಸಾಲಾಗಿ ಇಡುವ ಸದ್ದು ಕೇಳಿಸುತ್ತಿತ್ತು. ಬೀಳ್ಕೊಡುವ ದಿನವೇ ಪುಸ್ತಕವನ್ನೂ ಮುಗಿಸಿಕೊಡುತ್ತೇನೆಂದು ಮ್ಯಾನೇಜರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ನನ್ನನ್ನು ಹೊಗಳುವವರು ಕಾಯುತ್ತಿದ್ದರು. ನೀನು "ಹೂಂ" ಎಂದೆ. ನನಗೆ ಅಷ್ಟು ಸಾಕಾಯಿತು. ಮುಂದೆ ಮ್ಯಾನೇಜರು ಕೇಳಿದಾಗ ನಿನ್ನ ಗುರುತಿನ ಹಿಂದೆ ಅಡಗಿ ಕುಳಿತೆ. ನಿನಗೆ ನೆನಪಿದೆಯೇ ಎಂದು ನಿನ್ನನ್ನು ಕೇಳಿದ್ದು ತಿಳಿಯಲಿಕ್ಕಲ್ಲ ಮಗಳೇ, ನೀನೇ ಹೇಳಿಬಿಟ್ಟರೆ ನಾನು ಹೇಳುವುದು ತಪ್ಪುತ್ತದೆಂದು. ಇಪ್ಪತ್ತಮೂರು ವರ್ಷದವಳ ಬೆನ್ನ ಹಿಂದೆ ಅರವತ್ತೊಂದು ವರ್ಷದವನು ಬಚ್ಚಿಟ್ಟುಕೊಂಡ ದೃಶ್ಯವನ್ನು ಊಹಿಸಿಕೋ. ನಗು ಬಂದರೆ ನಕ್ಕುಬಿಡು, ನನಗೂ ಸ್ವಲ್ಪ ಬಂತು.

ನಿನ್ನ ಕಾಗದ ಓದಿದ ಬೆಳಿಗ್ಗೆಯೇ ಮುದ್ರಣಾಲಯಕ್ಕೆ ಹೋಗಿ ಮ್ಯಾನೇಜರ ಮುಂದೆ ಎರಡು ತಪ್ಪುಗಳನ್ನೂ ಇಟ್ಟೆ. ಅವರ ಕುರ್ಚಿ ಹಿಂದೆ ಸರಿದ ಸದ್ದಾಯಿತು. ತಾವೇ ಎದ್ದು ಕಟ್ಟುವ ಕೋಣೆಗೆ ನಡೆದರು. "ವಿಚಾರಿಸದೆ ನಿಮ್ಮ ಮೇಲೆ ಹಾಕಿಬಿಟ್ಟೆ, ತಪ್ಪು ನನ್ನದೂ ಇದೆ" ಎಂದು ತಗಡಕ್ಕನಿಗೆ ಹೇಳಿದ್ದನ್ನು ಕಿವಿಯಾರೆ ಕೇಳಿದೆ. ಅರ್ಧ ಗಂಟೆಯಲ್ಲಿ ಯಂತ್ರ ಗಡಗಡ ಎಂದಿತು. ಅಂಥ ಸಂಗೀತವನ್ನು ನಾನು ಯಾವ ಪ್ರಾರ್ಥನಾ ಮಂದಿರದಲ್ಲೂ ಕೇಳಿಲ್ಲ.

ಇನ್ನು ನಿನ್ನ ಪ್ರಶ್ನೆ. ನೀನು ಕೇಳಿದ್ದಕ್ಕೆ ಇಡೀ ರಾತ್ರಿ ದೇವರಿಗೆ ಸ್ತೋತ್ರ ಹೇಳಿಕೊಂಡಿದ್ದೇನೆ. ತಟ್ಟಿದ ಚುಕ್ಕೆಯ ಗುರುತು ನನ್ನ ಬೆರಳಿಗೆ ಸಿಗುತ್ತಿತ್ತು, ನಿಜ. ಏಕೆಂದರೆ ನಾನು ಹುಡುಕುತ್ತಿದ್ದೆ. ತಪ್ಪು ಹುಡುಕುವುದು ನನ್ನ ಉದ್ಯೋಗವಾಗಿತ್ತು. ಅದು ದೇವರ ಉದ್ಯೋಗವಲ್ಲ. ಗುರುತೇ ಉಳಿಯುವುದಿಲ್ಲ ಎಂದು ಹೇಳಿ ನಿನ್ನನ್ನು ಸಮಾಧಾನ ಮಾಡಲಾರೆ. ಗುರುತು ಇದೆ. ಆದರೆ ಅದು ನಿನ್ನ ಹಾಳೆಯ ಮೇಲಿಲ್ಲ, ಯೇಸುಸ್ವಾಮಿಯ ಅಂಗೈಯಲ್ಲಿದೆ. ಸತ್ತು ಎದ್ದು ಬಂದ ಮೇಲೂ ಆತ ಆ ಶಿಲುಬೆಯ ಮೊಳೆಯ ಗಾಯಗಳನ್ನು ಅಳಿಸಿಕೊಳ್ಳಲಿಲ್ಲ. ಆ ಕೈಯನ್ನು ನಿನ್ನ ಮೇಲೆ ಆಡಿಸುವಾಗ ಆತನಿಗೆ ತಿಳಿಯುವುದು ನಿನ್ನ ಹೊಸ ಹಾಳೆಯ ನುಣುಪು ಮಾತ್ರ.

ಯಾವ ಮುಖವಿದೆ ಎಂದು ಕೇಳಿದೆಯಲ್ಲ, ಕ್ಷಮೆಯ ಕಥೆಯನ್ನು ಯಾವ ತಪ್ಪೂ ಮಾಡದವರೇ ಹೇಳಬೇಕೆಂದರೆ ಭೂಮಿಯ ಮೇಲೆ ಅದನ್ನು ಹೇಳುವವರೇ ಇರುವುದಿಲ್ಲ. ಕೆಲಸ ಬಿಡಬೇಡ. ಹಾಳೆಯನ್ನು ತಗಡಕ್ಕನಿಗೆ ಕಳಿಸು. ಇದರ ಜೊತೆಗೆ ಅವಳದೂ ಒಂದು ಚೀಟಿ ಇದೆ, ಏನು ಬರೆದಿದ್ದಾಳೋ ನನಗೆ ಹೇಳಲಿಲ್ಲ. ಪೆನ್ನು ಗೀರಿದ ಸದ್ದು ಕೇಳಿದರೆ ಪ್ರೇಮಪತ್ರವಂತೂ ಅಲ್ಲ.

ನಿನ್ನ,
ಮೇಷ್ಟ್ರು


ಸೆಪ್ಟೆಂಬರ್ ೧೫

ಏ ಹುಡುಗಿ,

ನಾನು ಪೆನ್ನಲ್ಲಿ ಬರೀತಾ ಇದ್ದೀನಿ, ನೀನೇ ಕಣ್ಣಾರೆ ಓದು. ಗುರು ಶಿಷ್ಯೆ ಇಬ್ಬರೂ ಸೇರಿ ಚೆನ್ನಾಗಿ ಮಾಡಿದಿರಿ. ಹನ್ನೆರಡು ವಾರ ದಾರದಲ್ಲಿ ಪುಸ್ತಕ ಹೊಲಿದೆ. ಬೆರಳೆಲ್ಲ ಸೂಜಿ ಚುಚ್ಚಿಸಿಕೊಂಡು ಜರಡಿ ಆಗಿದೆ. ಅದು ಹೋಗಲಿ. ಹೊಸಬಳೊಬ್ಬಳು ನನ್ನ ಯಂತ್ರದ ಮುಂದೆ ಕೂತು ತಪ್ಪು ತಪ್ಪು ಒತ್ತೋದನ್ನ ಗೋಡೆ ಆಚೆಯಿಂದ ಕೇಳಿಸ್ಕೋಬೇಕಾಯ್ತಲ್ಲ, ಅದು ಹೊಟ್ಟೆ ಉರಿಸಿಬಿಡ್ತು.

ಮೇಷ್ಟ್ರನ್ನ ಕ್ಷಮಿಸಿದೆ. ಎದುರಿಗೆ ನಿಂತು ಅತ್ತರು, ಬೇರೆ ದಾರಿ ಇರಲಿಲ್ಲ. ನಿನ್ನನ್ನೂ ಕ್ಷಮಿಸಿದೆ ಅಂತ ಬರೆಯೋಕೆ ಕೂತೆ. ಕೈ ಓಡಲಿಲ್ಲ. ಸುಳ್ಳು ಬರೆಯಲ್ಲ ನಾನು. ಹಾಳೆ ಕಳಿಸು. ತಗಡು ಒತ್ತಿ, ಮಕ್ಕಳಿಗೆ ಪ್ರತಿ ತೆಗೆದು, ನಾನೇ ತಗೊಂಡು ಬರ್ತೀನಿ. ಮಿಕ್ಕಿದ್ದು ನಿನ್ನ ಮುಖ ನೋಡಿದ ಮೇಲೆ.

ಊಟ ಸರಿಯಾಗಿ ಮಾಡು. ಸೊರಗಿದ ಮುಖ ನೋಡೋಕೆ ಅಷ್ಟು ದೂರ ಬರೋದಿಲ್ಲ.

ತಗಡಕ್ಕ


ಅಕ್ಟೋಬರ್ ೬

ಪ್ರೀತಿಯ ಮೇಷ್ಟ್ರಿಗೆ,

ನಿನ್ನೆ ತಗಡಕ್ಕ ಬಂದಳು!

ಅವಳ ಮುಂದೆ ಹೇಳಬೇಕಾದ ಮಾತುಗಳನ್ನು ಒಂದು ವಾರದಿಂದ ಉರುಹೊಡೆದಿದ್ದೆ. ಬಸ್ಸಿನಿಂದ ಬಟ್ಟೆ ಸುತ್ತಿದ ಕಟ್ಟನ್ನು ಎದೆಗವಚಿಕೊಂಡು ಇಳಿದಳು. ನಾನು "ಅಕ್ಕಾ, ನಾನು ನಿಮಗೆ…" ಎಂದು ಶುರು ಮಾಡಿದೆ. "ಮೊದಲು ಕುಡಿಯೋಕೆ ನೀರು ಕೊಡೇ" ಎಂದಳು. ನೀರು ಕುಡಿದು, "ಎಲ್ಲಿ ಮಕ್ಕಳು?" ಎಂದಳು. ನನ್ನ ಭಾಷಣವನ್ನು ಹಾಗೆಯೇ ಬಿಟ್ಟು ತರಗತಿಗೆ ಕರೆದೊಯ್ದೆ.

ಮಕ್ಕಳು ಅವಳನ್ನು ಸುತ್ತುವರಿದರು. "ತಗಡಕ್ಕ ಅಂದ್ರೆ ಮೈಯೆಲ್ಲ ತಗಡಾ?" ಎಂದು ಒಬ್ಬ ಕೇಳಿದ. "ಮುಟ್ಟಿ ನೋಡ್ಕೊಳ್ಳೋ" ಎಂದು ಕೈ ಚಾಚಿದಳು. ಹನ್ನೊಂದು ಮಂದಿಯೂ ಅವಳ ಬೆರಳ ತುದಿಯ ಗಂಟುಗಳನ್ನು ಮುಟ್ಟಿದರು. ಒಬ್ಬೊಬ್ಬರಿಗೂ ಒಂದೊಂದು ನಲವತ್ತೆರಡನೆಯ ಹಾಳೆ ಹಂಚಿದಳು. ಗಟ್ಟಿಯಾಗಿ ಓದುವ ಸರದಿ ಪ್ರಶ್ನೆಪುಟ್ಟಿಯದು.

ಬೆಳಗಾಗುತ್ತಿರುವ ಕೆರೆಯ ದಂಡೆಯನ್ನು ಓದಿದಳು. ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ದೋಣಿಯಿಂದ ಬಟ್ಟೆ ಸಮೇತ ನೀರಿಗೆ ಹಾರಿ ಈಜಿಕೊಂಡು ಬರುವ ಪೇತ್ರ. ಬಂದು ಊಟ ಮಾಡಿರಿ ಎಂದು ಕರೆಯುವ, ಸತ್ತು ಎದ್ದು ಬಂದ ಯೇಸು. ಊಟವಾದ ಮೇಲೆ, ನನ್ನನ್ನು ಪ್ರೀತಿಸುತ್ತೀಯಾ ಎಂಬ ಒಂದೇ ಪ್ರಶ್ನೆ ಮೂರು ಸಲ. ಪ್ರೀತಿಸುತ್ತೇನೆ ಎಂದು ಮೂರು ಸಲ ಉತ್ತರ. ಮೂರು ಸಲವೂ ಒಂದು ಕೆಲಸ: ನನ್ನ ಕುರಿಮರಿಗಳನ್ನು ನೋಡಿಕೋ.

ಪ್ರಶ್ನೆಪುಟ್ಟಿಯ ಬೆರಳು ಕೊನೆಯ ಸಾಲಿನಲ್ಲಿ ನಿಂತಿತು. ಮತ್ತೆ ಮೇಲಕ್ಕೆ ಹೋಯಿತು. ಕೆಳಗೆ ಬಂತು.

"ಬೈಲೇ ಇಲ್ವಾ?" ಎಂದಳು.

"ಇಲ್ಲ" ಎಂದೆ.

"ಒಂದೇ ಒಂದು ಸಲಾನೂ?"

"ಇಲ್ಲ ಪುಟ್ಟಿ."

ಅವಳಿಗೆ ಅನುಮಾನ ಹೋಗಲಿಲ್ಲ. "ಬೈದಿರೋ ಹಾಳೆ ಇನ್ನೊಂದು ಇರ್ಬೇಕು. ಅದನ್ನೂ ನೀವು ಬಿಟ್ಟುಬಿಟ್ಟಿದ್ದೀರ!"

ತಗಡಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ಮಾತ್ರ ಇನ್ನು ತಡೆಯಲಾಗಲಿಲ್ಲ. ಹಾಳೆ ಬಿಟ್ಟುಹೋದದ್ದು ನನ್ನಿಂದ, ನಾನು ಸುಳ್ಳು ಹೇಳಿದೆ, ನನ್ನಿಂದಾಗಿ ತಗಡಕ್ಕನ ಜಾಗ ಹೋಗಿತ್ತು ಎಂದು ಮಕ್ಕಳ ಮುಂದೆಯೇ ಹೇಳಿದೆ. ಉರುಹೊಡೆದದ್ದರಲ್ಲಿ ಒಂದು ಪದವೂ ಬಾಯಿಗೆ ಬರಲಿಲ್ಲ. ಪ್ರಶ್ನೆಪುಟ್ಟಿ ತಗಡಕ್ಕನ ಕಡೆ ತಿರುಗಿದಳು.

"ನೀವು ನಮ್ಮ ಟೀಚರಿಗೆ ಬೈತೀರಾ?"

"ಬೈಯೋಕೇ ಬಂದೆ ಮಗಾ. ನಾಲ್ಕು ಗಂಟೆ ಬಸ್ಸಲ್ಲಿ ಕೂತು ಒಂದೊಂದೇ ಜೋಡಿಸ್ಕೊಂಡು ಬಂದೆ. ಒಳ್ಳೊಳ್ಳೆ ಬೈಗುಳ, ವೇಸ್ಟ್ ಆಗೋಯ್ತು." ಪ್ರಶ್ನೆಪುಟ್ಟಿಯ ಹಾಳೆಯನ್ನು ತಟ್ಟಿ ಹೇಳಿದಳು: "ಆ ಹಾಳೆ ಒತ್ತುವಾಗ ನನಗೆ ಅಕ್ಷರ ಕೇಳಿಸ್ತು ಅಷ್ಟೆ. ಕಥೆ ಕೇಳಿಸಿದ್ದು ಈಗ ನೀನು ಓದಿದಾಗಲೇ. ಅಷ್ಟು ದೊಡ್ಡೋನೇ ಕೂತು ಮೀನು ಸುಟ್ಟುಕೊಟ್ಟ ಮೇಲೆ ನಾನು ಯಾವ ದೊಡ್ಡೋಳು ಹೇಳು?"

ಆಮೇಲೆ ನನ್ನನ್ನು ಕರೆದಳು. "ಬಾರೇ ಇಲ್ಲಿ." ಹೋದೆ. ನನ್ನ ಎರಡು ಕೆನ್ನೆಗಳನ್ನೂ ಆ ಒರಟು ಬೆರಳುಗಳಲ್ಲಿ ಹಿಡಿದಳು. "ಆಯ್ತು ಕಣೇ. ಮುಗೀತು. ಈಗ ಮನಸಾರೆ ಹೇಳ್ತಿದ್ದೀನಿ, ಸುಳ್ಳಲ್ಲ."

ಮೇಷ್ಟ್ರೇ, ನಾನು ಅತ್ತೆ. ಹನ್ನೊಂದು ಮಕ್ಕಳು ಒಟ್ಟಿಗೆ ಚಪ್ಪಾಳೆ ತಟ್ಟಿದರು. ಯಾರಿಗೆ, ಯಾತಕ್ಕೆ ಎಂದು ಅವರಿಗೂ ಗೊತ್ತಿರಲಿಲ್ಲ.

ಮಕ್ಕಳು ಬರೆದ ಹನ್ನೊಂದು ನಲವತ್ತೆರಡನ್ನೂ ತಗಡಕ್ಕ ಕೂತು ಕೇಳಿದಳು. ಒಂದರಲ್ಲಿ ಪೇತ್ರನ ಹೆಂಡತಿ ಅವನನ್ನು ಮನೆಯೊಳಗೆ ಬಿಡುವುದಿಲ್ಲ. ಇನ್ನೊಂದರಲ್ಲಿ ಕೂಗಿದ ಕೋಳಿ ಬಂದು ಅವನ ಪಕ್ಕದಲ್ಲಿ ಕೂತು ಸಮಾಧಾನ ಹೇಳುತ್ತದೆ. ಪ್ರಶ್ನೆಪುಟ್ಟಿ ಬರೆದದ್ದು ಎರಡೇ ಸಾಲು: ಅಳುತ್ತಾ ಇರುವವನಿಗೆ ದಾರಿ ಕಾಣುವುದಿಲ್ಲ, ಅದಕ್ಕೆ ಯೇಸುವೇ ಹುಡುಕಿಕೊಂಡು ಬಂದ. "ನಂದು ಹೆಚ್ಚುಕಡಿಮೆ ಸರಿ ಇತ್ತು. ಮೀನು ಒಂದು ಹೊಳೆದಿರಲಿಲ್ಲ" ಎಂದು ಅವಳಿಗೆ ಸ್ವಲ್ಪ ಬೇಜಾರು. ತಗಡಕ್ಕ ಅಷ್ಟನ್ನೂ ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ಏಕೆ ಎಂದರೆ ಹೇಳಲಿಲ್ಲ.

ನಿಮ್ಮ,
ಚಿಟಪಟ


ಅಕ್ಟೋಬರ್ ೧೪

ನನ್ನ ಚಿಟಪಟ,

ನಿನ್ನ ಕಾಗದದಲ್ಲಿ ಇಪ್ಪತ್ತೆರಡು ತಪ್ಪುಗಳಿದ್ದವು. ದೇವರಿಗೆ ಸ್ತೋತ್ರ.

ತಗಡಕ್ಕ ಊರಿಗೆ ಬಂದವಳು ಮನೆಗೂ ಹೋಗದೆ ಮ್ಯಾನೇಜರ ಮೇಜಿನ ಮೇಲೆ ಆ ಮಕ್ಕಳ ಬರಹಗಳನ್ನು ಹರಡಿದಳು. ಅವರು ಓದಿ ನಕ್ಕರು, ಆಮೇಲೆ ಮೂಗು ಒರೆಸಿಕೊಂಡರು, ಕೊನೆಗೆ ಇದನ್ನೊಂದು ಪುಸ್ತಕ ಮಾಡೋಣ ಎಂದರು. ಹನ್ನೊಂದು ಮಕ್ಕಳ ಹೆಸರೂ ಮೊದಲ ಪುಟದಲ್ಲಿ ಇರುತ್ತದೆ. ಬೆರಳಿಟ್ಟು ಓದಲು ನನ್ನನ್ನು ಮತ್ತೆ ಕರೆದಿದ್ದಾರೆ. ಈ ಸಲ ಅಂಕಿ ತಪ್ಪಿದರೆ ಮೇಜು ಗುದ್ದಿ ನಿಲ್ಲಿಸುತ್ತೇನೆ, ಹೊರಗೆ ಎಷ್ಟೇ ಕುರ್ಚಿ ಹಾಕಿದ್ದರೂ.

ಕೊನೆಗೆ ಮ್ಯಾನೇಜರು, "ಮೂಲಪ್ರತಿ ಹಿಡಿದು ಗುರುತು ಹಾಕೋಕೆ ಯಾರನ್ನ ಕೂರಿಸೋಣ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ತಗಡಕ್ಕ ಗದರಿದಳು: "ಇನ್ಯಾರು? ಅವಳೇ. ರಜಾದಲ್ಲಿ ಬರ್ತಾಳೆ." "ಅವಳ ಗುರುತನ್ನ ನಂಬಬಹುದಾ?" ಎಂದು ಮ್ಯಾನೇಜರು ಕೇಳಿದರು. "ನಾನು ನಂಬ್ತೀನಿ. ಒತ್ತೋಳು ನಾನು ತಾನೇ?" ಎಂದಳು.

ಆದ್ದರಿಂದ ಬಾ. ರಜಾ ಶುರುವಾಗುವ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಪುಟ. ತಡ ಮಾಡಬೇಡ, ಬೇರೆ ಯಾರೂ ಕೂರದ ಹಾಗೆ ನಿನ್ನ ಕುರ್ಚಿಯ ಮೇಲೆ ತಗಡಕ್ಕ ಈಗಾಗಲೇ ತನ್ನ ಚೀಲ ಇಟ್ಟು ಜಾಗ ಹಿಡಿದಿದ್ದಾಳೆ.

ನಿನ್ನ ದಾರಿ ಕಾಯುತ್ತಿರುವ,
ಮೇಷ್ಟ್ರು